ಒಲೆಗೆ ಹೋದ ಬೀಟೆ ಪಟ್ಟಿ

ಆ ಗಿಟಾರ್ ನನ್ನ ಕೈಗೆ ಬಂದಾಗ ಅದರಲ್ಲಿ ಕೆಟ್ಟಿದ್ದದ್ದು ಒಂದೇ. ಆಂಪ್ಲಿಫೈಯರಿಗೆ ವೈರ್ ಸಿಕ್ಕಿಸಿದರೆ ಕರಕರ ಸದ್ದು ಬರುತ್ತಿತ್ತು, ನಡುನಡುವೆ ಪೂರ್ತಿ ಸುಮ್ಮನಾಗುತ್ತಿತ್ತು. ತಂದುಕೊಟ್ಟವರು ಹೇಳಿದ್ದೂ ಅಷ್ಟನ್ನೇ. "ಕರೆಂಟಿಂದು ಏನೋ ತೊಂದ್ರೆ ಇದೆ. ಅದೊಂದು ನೋಡ್ಕೊಡಿ, ಸಾಕು." ಈ ಮಾತನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಯಾರು ಏನು ಹೇಳಿದರೂ ಗುರುತು ಹಾಕಿಕೊಳ್ಳುವುದು ಕೆಲಸದಿಂದ ಬಂದ ಅಭ್ಯಾಸ. ಆ ದಿನದ ನೋಟ್‌ಬುಕ್ಕಿನಲ್ಲಿ, ಮೂಡಿಗೆರೆಯಲ್ಲಿ ನಡೆದ ಬೆಳೆಗಾರರ ಸಭೆಯ ಟಿಪ್ಪಣಿಯ ಕೆಳಗೆ, "ಕರೆಂಟ್ ಮಾತ್ರ. ಸಾಕು" ಎಂದು ನನ್ನದೇ ಅಕ್ಷರದಲ್ಲಿ ಇದೆ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ದಿನಪತ್ರಿಕೆಯ ವರದಿಗಾರ. ಮನೆ ಆಲ್ದೂರಿನ ಅಂಚಿನಲ್ಲಿ, ಕಚೇರಿ ಚಿಕ್ಕಮಗಳೂರಿನಲ್ಲಿ. ಬಿಡುವಿನಲ್ಲಿ ಹಳೆಯ ಗಿಟಾರ್ ಸರಿಮಾಡುವುದು ನನ್ನ ಹವ್ಯಾಸ. ಗಿಟಾರ್ ತಂದವರು ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ರೈಟರಾಗಿದ್ದು ನಿವೃತ್ತರಾದವರು. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ದಿನದ ಮಳೆ ಇವನ್ನೆಲ್ಲ ಬರೆದಿಡುವವರನ್ನು ನಮ್ಮ ಕಡೆ ರೈಟರು ಎನ್ನುತ್ತಾರೆ. ಅವರು ನನಗೆ ಪರಿಚಯವಾದದ್ದೂ ಮಳೆಯಿಂದಲೇ. ಮಳೆಗಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ನಾನು ಫೋನ್ ಮಾಡುತ್ತಿದ್ದೆ. ಅವರು ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟು, ಈ ಲೆಕ್ಕದಲ್ಲಿ ಹೇಳುತ್ತಿದ್ದರು. ಬೇರೆ ಎಸ್ಟೇಟಿನವರು "ಸುಮಾರು ಮೂರು ಇಂಚು" ಎನ್ನುವ ದಿನ ಇವರು "ಎರಡು ಇಂಚು ಎಂಬತ್ತೆಂಟು ಸೆಂಟು" ಎನ್ನುತ್ತಿದ್ದರು. ನಾನು ಅವರದ್ದನ್ನೇ ಬರೆಯುತ್ತಿದ್ದೆ. ಒಂದು ದಿನವೂ ಮರುಪರಿಶೀಲಿಸಬೇಕು ಎನಿಸಿರಲಿಲ್ಲ.

ಅವರು ಗಿಟಾರ್ ಬಾರಿಸುತ್ತಾರೆ ಎಂಬುದು ಗೊತ್ತಾದದ್ದು ತಡವಾಗಿ. ಪ್ರಾಯದಲ್ಲಿ ಅವರೂ ಕಳಸದ ಅವರ ಗೆಳೆಯರೊಬ್ಬರೂ ಸೇರಿ ಒಂದು ವಾದ್ಯಗೋಷ್ಠಿ ಕಟ್ಟಿದ್ದರಂತೆ. ಮದುವೆ, ಗಣಪತಿ ಪೆಂಡಾಲು, ಎಸ್ಟೇಟುಗಳಲ್ಲಿ ಕೊಯ್ಲು ಮುಗಿದ ದಿನದ ಊಟ, ಹೀಗೆ ಕರೆದಲ್ಲಿಗೆ ಹೋಗುತ್ತಿದ್ದರು. ಕಳಸದವರು ಹಾರ್ಮೋನಿಯಂ ಬಾರಿಸುತ್ತ ಹಾಡುತ್ತಿದ್ದರು, ಇವರದು ಗಿಟಾರ್. ಜಪಾನಿನಲ್ಲಿ ತಯಾರಾದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಅದು. ಮಂಗಳೂರಿನ ಬ್ಯಾಂಡಿನವರೊಬ್ಬರಿಂದ ಕೊಂಡದ್ದು, ಆಗಲೇ ಹಳೆಯದಾಗಿತ್ತು. ಬಣ್ಣ ಹೋದ ಮೇಲೆ ಅದಕ್ಕೆ ಎಸ್ಟೇಟಿನ ಗೇಟಿಗೆ ಬಳಿದು ಉಳಿದ ಹಸಿರು ಪೇಂಟನ್ನೇ ಬಳಿದಿದ್ದರು.

ಈಗ ಕಳಸದ ಗೆಳೆಯರ ಮೊಮ್ಮಗಳ ಮದುವೆ. ಕೊಯ್ಲು ಮುಗಿಯುವ ಹೊತ್ತಿಗೆ, ಒಂದು ಭಾನುವಾರ. ಊಟದ ನಂತರ ಹಳಬರಿಬ್ಬರೂ ಒಂದು ಹಾಡು ಮಾಡಬೇಕೆಂದು ಮನೆಯವರ ಆಸೆ. "ಒಂದೇ ಒಂದು," ಎಂದು ರೈಟರು ಬೆರಳು ತೋರಿಸಿ ಹೇಳಿದ್ದರು. "ಮೊದ್ಲಿಗೆ ಒಂದು ಎಳೆತ ಇದೆ, ಅದು ನಂದು. ನಾನು ಎಳೀದೇ ಅವ ಬಾಯೇ ಬಿಡಲ್ಲ. ಮೂವತ್ತು ವರ್ಷದಿಂದ ಹಾಗೇ ಅಭ್ಯಾಸ ಮಾಡ್ಕೊಂಡಿದಾನೆ ಪುಣ್ಯಾತ್ಮ."

ಆ ಎಳೆತ ಎಂಥದು, ಒಮ್ಮೆ ಬಾರಿಸಿ ತೋರಿಸಿ ಎಂದು ನಾನು ಹೇಳಲಿಲ್ಲ. ಗಿಟಾರ್ ಅಲ್ಲೇ ಮೇಜಿನ ಮೇಲಿತ್ತು, ಅವರು ಎದುರಿಗೇ ಕುಳಿತಿದ್ದರು.

ಕರಕರ ಸದ್ದಿನ ಕಾರಣ ಅರ್ಧ ಗಂಟೆಯಲ್ಲಿ ಸಿಕ್ಕಿತು. ಒಳಗೆ ಒಂದು ವೈರಿನ ಬೆಸುಗೆ ಬಿಟ್ಟಿತ್ತು, ವಾಲ್ಯೂಮ್ ಗುಂಡಿಯ ಒಳಗೆ ಕಿಲುಬು ಕೂತಿತ್ತು. ಬೆಸುಗೆ ಹಾಕಿ, ಗುಂಡಿ ಬಿಚ್ಚಿ ತೊಳೆದು ಮತ್ತೆ ಹಾಕಿದೆ. ಸದ್ದು ಹೋಯಿತು. ಆ ಸಂಜೆಯೇ ಫೋನ್ ಮಾಡಿ "ಆಯ್ತು, ತಗೊಂಡ್ಹೋಗಿ" ಎನ್ನಬಹುದಿತ್ತು. ಮಾಡಲಿಲ್ಲ.

ಕಾರಣವನ್ನು ಇದ್ದ ಹಾಗೆ ಹೇಳುತ್ತೇನೆ. ಅದಕ್ಕೂ ಮೊದಲು ನಾನು ಎರಡು ಹಳೆಯ ಗಿಟಾರ್‌ಗಳನ್ನು ಸರಿಮಾಡಿದ್ದೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬ ಫೋಟೊಗಳನ್ನು ಮೊಬೈಲಿನಲ್ಲಿ ಹಾಕಿದಾಗ ಗೊತ್ತಿಲ್ಲದವರೂ ಹೊಗಳಿದ್ದರು. ವರದಿಗಾರನ ಕೆಲಸದಲ್ಲಿ ಹೊಗಳಿಕೆ ಕಡಿಮೆ. ಬರೆದದ್ದು ಸರಿ ಇದ್ದರೆ ಯಾರೂ ಫೋನ್ ಮಾಡುವುದಿಲ್ಲ, ತಪ್ಪಿದ್ದರೆ ಬೆಳಿಗ್ಗೆ ಆರಕ್ಕೇ ಮಾಡುತ್ತಾರೆ. ಈ ಹೊಗಳಿಕೆ ನನಗೆ ರುಚಿಸಿತ್ತು. ಗೇಟಿನ ಪೇಂಟ್ ಬಳಿದ ಜಪಾನಿ ಗಿಟಾರ್ ಸಿಕ್ಕಾಗ ನನಗೆ ಕಂಡದ್ದು ಮೂರನೆಯ ಫೋಟೊ.

ಮೊದಲು ಹಸಿರು ಪೇಂಟ್ ತೆಗೆದೆ. ಕೆಳಗೆ ಹಳೆಯ ಬಣ್ಣ ಇನ್ನೂ ಇತ್ತು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಕಂದು, ಕೊನೆಗೆ ಕಪ್ಪು. ಸುಂದರವಾಗಿಯೇ ಇತ್ತು. ಅದನ್ನು ಕಂಡಮೇಲೆ ನನ್ನನ್ನು ತಡೆಯುವವರಿರಲಿಲ್ಲ. ತಂತಿಯ ಕಂಪನವನ್ನು ಹಿಡಿಯುವ ಸುರುಳಿಗೆ ಪಿಕಪ್ ಎನ್ನುತ್ತಾರೆ. ಹಳೆಯದು ಸ್ವಲ್ಪ ಗುಂಯ್‌ಗುಡುತ್ತದೆ ಎಂದು ಹೊಸದು ತರಿಸಿ ಹಾಕಿದೆ. ಒಳಗಿನ ಗೂಡಿಗೆ ತಾಮ್ರದ ಹಾಳೆ ಅಂಟಿಸಿದೆ. ಸ್ವಿಚ್ಚು ಬದಲಿಸಿದೆ. ಇದಕ್ಕೆಲ್ಲ ಅವರನ್ನು ಕೇಳಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ, ಒಪ್ಪಿಗೆ ಇದ್ದೇ ಇರುತ್ತದೆ ಎಂದುಕೊಂಡೆ. ಇದೇ ಮಾತನ್ನು ಕಚೇರಿಯಲ್ಲಿ ಹೊಸಬರು ಯಾರಾದರೂ ಹೇಳಿದ್ದರೆ ನಾನು ಅವರ ಮುಂದೆಯೇ ಫೋನ್ ತೆಗೆದು, ಕೇಳಿ ನೋಡಿ ಎಂದು ಕೈಗೆ ಕೊಡುತ್ತಿದ್ದೆ.

ಆಮೇಲೆ ಪಟ್ಟಿಯ ಸರದಿ. ಗಿಟಾರಿನ ಕುತ್ತಿಗೆಯ ಮೇಲೆ, ಬೆರಳು ಓಡಾಡುವ ಜಾಗದಲ್ಲಿ, ಒಂದು ಮರದ ಪಟ್ಟಿ ಅಂಟಿಸಿರುತ್ತಾರೆ. ಸ್ವರಗಳ ಜಾಗ ತೋರಿಸುವ ಲೋಹದ ಕಂಬಿಗಳು ಅದರ ಮೇಲೆ ಅಡ್ಡಡ್ಡ ಇರುತ್ತವೆ. ಇದರ ಪಟ್ಟಿ ಬೀಟೆ ಮರದ್ದು. ಐದನೆಯ ಕಂಬಿಯಿಂದ ಹನ್ನೆರಡನೆಯದರವರೆಗೆ, ಸಣ್ಣ ತಂತಿಗಳ ಕೆಳಗೆ ಮಾತ್ರ, ಕಂಬಿ ಕಂಬಿಯ ನಡುವೆ ಮರ ತಗ್ಗಾಗಿತ್ತು. ತಗ್ಗುಗಳ ತಳದಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು. ತೂತಿನೊಳಗೆ ಕಪ್ಪು ಪುಡಿ.

ಕಾಫಿ ತೋಟದಲ್ಲಿ ಬೆಳೆದವನ ಕಣ್ಣಿಗೆ ಮರದಲ್ಲಿ ತೂತು, ತೂತಿನಲ್ಲಿ ಪುಡಿ ಕಂಡರೆ ಮುಂದಿನದನ್ನು ತಲೆ ಯೋಚಿಸುವುದಿಲ್ಲ. ನಮ್ಮದು ನಾಲ್ಕು ಎಕರೆ ಅರೇಬಿಕಾ. ಅರೇಬಿಕಾಕ್ಕೆ ಕಾಂಡಕೊರಕ ಎಂಬ ಹುಳ ಬೀಳುತ್ತದೆ. ಎಲೆ ಹಳದಿಯಾಗಿ ಬಾಗಿದ ಗಿಡದ ಬುಡ ಕೆರೆದರೆ ತೊಗಟೆಯ ಕೆಳಗೆ ಹಾದಿ ಹಾದಿಯಾಗಿ ಕೊರೆದ ಗುರುತು ಕಾಣುತ್ತದೆ. ಮದ್ದಿಗಿಂತ ಮೊದಲ ಕೆಲಸ ಆ ಗಿಡವನ್ನು ಬುಡಸಮೇತ ಕಿತ್ತು ಸುಡುವುದು. ತೋಟದ ಮೂಲೆಯಲ್ಲಿ ಹಾಕಿಟ್ಟು ನಾಳೆ ಸುಡುತ್ತೇನೆ ಎನ್ನುವಂತಿಲ್ಲ, ಅಷ್ಟರಲ್ಲಿ ಹುಳ ಹೊರಬಿದ್ದು ಪಕ್ಕದ ಗಿಡಕ್ಕೆ ಹೋಗುತ್ತದೆ. ಅಪ್ಪ ಇದನ್ನು ಬೈದೂ ಹೇಳಿಕೊಡಲಿಲ್ಲ, ವಿವರಿಸಿಯೂ ಹೇಳಿಕೊಡಲಿಲ್ಲ. ಕಿತ್ತ ಕೈಯಲ್ಲೇ ಬೆಂಕಿ ಹಾಕುತ್ತಿದ್ದರು, ನಾವು ನೋಡುತ್ತಿದ್ದೆವು.

ಕಾಂಡಕೊರಕ ಹಸಿ ಕಾಫಿ ಗಿಡದ ಹುಳ. ಒಣಗಿ ಐವತ್ತು ವರ್ಷವಾದ ಬೀಟೆಗೂ ಅದಕ್ಕೂ ಸಂಬಂಧವಿಲ್ಲ. ಒಣಮರಕ್ಕೆ ಬೀಳುವ ಕುಟ್ಟೆಹುಳ ಬೇರೆ, ಅದೂ ಹಲಸು ಮಾವಿನ ಹಲಗೆ ಹಿಡಿದೀತೇ ಹೊರತು ಬೀಟೆಯ ತಿರುಳಿನ ಗೋಜಿಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು. ಮಲೆನಾಡಿನಲ್ಲಿ ಮನೆ ಕಟ್ಟಿದ ಯಾರಿಗಾದರೂ ಗೊತ್ತು. ಆದರೆ ಗೊತ್ತಿದ್ದದ್ದು ಆ ಬೆಳಿಗ್ಗೆ ಕೈಯವರೆಗೆ ಬರಲಿಲ್ಲ. ಇಸ್ತ್ರಿ ಪೆಟ್ಟಿಗೆಯಿಂದ ಪಟ್ಟಿಯನ್ನು ಬಿಸಿಮಾಡಿ, ಅಂಟು ಮೆತ್ತಗಾದಾಗ ಅಡುಗೆಮನೆಯ ತೆಳು ಚಾಕು ತೂರಿಸಿ, ತುದಿಯಿಂದ ತುದಿಗೆ ಬಿಡಿಸಿದೆ. ಒಂದೇ ತುಂಡಾಗಿ, ಎಲ್ಲೂ ಸೀಳದೆ ಬಂತು. ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಂಡೆ. ಕಂಬಿಗಳನ್ನು ಕಿತ್ತಿಟ್ಟುಕೊಂಡು ಪಟ್ಟಿಯನ್ನು ಹಿತ್ತಲಿಗೆ ಒಯ್ದು ಬಚ್ಚಲೊಲೆಗೆ ಹಾಕಿದೆ. ಒಲೆ ಹೇಗೂ ಉರಿಯುತ್ತಿತ್ತು. ಹಾಕುವ ಮೊದಲು ಒಂದು ಕೆಲಸ ಮಾತ್ರ ಕ್ರಮವಾಗಿ ಮಾಡಿದ್ದೆ, ಪಕ್ಕದಿಂದ ಬೆಳಕು ಬೀಳುವಂತೆ ಹಿಡಿದು ನಾಲ್ಕು ಫೋಟೊ ತೆಗೆದಿದ್ದೆ.

ಹೊಸ ಪಟ್ಟಿಗೆ ಆಲ್ದೂರಿನ ಬಡಗಿಯೊಬ್ಬರ ಹತ್ತಿರ ಹೋದೆ. ಹಳೆಯ ಕಿಟಕಿ ಚೌಕಟ್ಟಿನ ಬೀಟೆ ಅವರಲ್ಲಿತ್ತು.

"ಎಂತಕ್ಕೆ ಇದು?" ಎಂದರು.

ಹೇಳಿದೆ. ಹಳೆಯದಕ್ಕೆ ಹುಳ ಬಿದ್ದಿತ್ತು ಎಂದೂ ಹೇಳಿದೆ.

"ಬೀಟೆಗಾ?" ಅವರು ಗರಗಸ ಕೆಳಗಿಟ್ಟರು. "ನನ್ನ ಅಪ್ಪನ ಕಾಲದಿಂದ ಇದೇ ಕೆಲ್ಸ ನಮ್ದು. ಬೀಟೆಗೆ ಹುಳ ಬಿದ್ದದ್ದು ನಾ ನೋಡಿಲ್ಲ. ತಂದಿದೀರಾ? ತೋರ್ಸಿ ಕಾಣುವ."

"ಸುಟ್ಟುಬಿಟ್ಟೆ."

"ಸುಟ್ರಾ." ಗರಗಸವನ್ನು ಮತ್ತೆ ಎತ್ತಿಕೊಂಡರು. "ಹಾಗಾದ್ರೆ ಬಿದ್ದಿರ್ಬೇಕು ಬಿಡಿ. ಪೇಪರ್‌ನವ್ರು ಹೇಳಿದ್ಮೇಲೆ ನಮ್ದೆಂತ."

ಕಟ್ಟೆಯ ಮೇಲೆ ಕುಳಿತಿದ್ದ ಇನ್ನಿಬ್ಬರು ನಕ್ಕರು. ನಾನೂ ನಕ್ಕೆ. ಕಾರಿನಲ್ಲಿ ಬರುವಾಗ ಬಡಗಿಯ ಮಾತೇ ನೆನಪಾಗುತ್ತಿತ್ತು, ಅದೂ ನಿಜ. ಆದರೆ ಸುಟ್ಟಾಗಿತ್ತು, ಮದುವೆ ಹತ್ತಿರ ಬರುತ್ತಿತ್ತು. ಹಲಗೆಯನ್ನು ಅಳತೆಗೆ ಇಳಿಸಿ, ಅಂಟಿಸಿ, ಕಂಬಿ ಕೂರಿಸಿ, ಕನ್ನಡಿಯಂತೆ ನಯ ಮಾಡಿದೆ. ರೈಟರು ಎರಡು ಸಲ ಫೋನ್ ಮಾಡಿದ್ದರು. "ಒಂದು ವಾರ ಮುಂಚೆ ಸಿಕ್ರೆ ಕೈ ಪಳಗಿಸ್ಕೋಬೋದಿತ್ತು," ಎಂದಿದ್ದರು. ಪಾಲಿಶ್ ಒಣಗಿಲ್ಲ, ಥಂಡಿ ಎಂದು ನಾನು ಹೇಳಿದ್ದೆ. ಪಾಲಿಶ್ ಒಣಗಿತ್ತು. ಒಣಗದಿದ್ದದ್ದು ನಮ್ಮ ಭಾನುವಾರದ ಪುರವಣಿಗೆ ನಾನು ಬರೆಯುತ್ತಿದ್ದ ಲೇಖನ. ಅದಕ್ಕೆ ಇನ್ನೆರಡು ಫೋಟೊ ಬೇಕಿತ್ತು. ಲೇಖನ ಮದುವೆಯ ದಿನದ ಪತ್ರಿಕೆಯಲ್ಲೇ ಬರುವುದು ಎಂದು ತಿಳಿದಾಗ, ಗಿಟಾರನ್ನೂ ಪತ್ರಿಕೆಯನ್ನೂ ಒಟ್ಟಿಗೆ ಕೊಡುವ ಯೋಚನೆ ಬಂತು. ನಾನೇ ಕಾರಿನಲ್ಲಿ ಕಳಸಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಸಂಕೋಚದಿಂದ ಒಪ್ಪಿದರು. ಅವರ ಹೆಂಡತಿಗೆ ಮಂಡಿ ನೋವು, ಘಾಟಿ ದಾರಿಯಲ್ಲಿ ಕೂರಲಾಗದು, ಅವರು ಮನೆಯಲ್ಲೇ ಉಳಿಯುವುದು ಎಂದಾಗಿತ್ತು.

ಅಂದು ಬೆಳಿಗ್ಗೆ ಅವರು ತಮ್ಮ ಮನೆಗೆ ತಿರುಗುವ ದಾರಿಯ ಬಾಯಲ್ಲೇ ನಿಂತಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಹಿಂದಿನ ಸೀಟಿನಲ್ಲಿದ್ದ ಗಿಟಾರಿನ ಚೀಲವನ್ನು ಕೈಯಿಂದ ಮುಟ್ಟಿ ನೋಡಿ ಮುಂದೆ ಕುಳಿತರು. ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತೆವು. ತಟ್ಟೆ ಬರುವ ಮೊದಲೇ ಅವರು, "ಒಂದ್ಸಲ ನೋಡ್ಲಾ?" ಎಂದರು.

ತೆಗೆದುಕೊಟ್ಟೆ. ಹೋಟೆಲಿನವರು, ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡುವಂತೆಯೇ ಇತ್ತು. ಅವರು ಬಣ್ಣದ ಮೇಲೆ ಕೈಯಾಡಿಸಿ, "ಹಿಂಗಿತ್ತಾ ಇದು," ಎಂದು ನಕ್ಕರು. ಆಮೇಲೆ ತೊಡೆಯ ಮೇಲಿಟ್ಟುಕೊಂಡರು. ಎಡಗೈ ಪಟ್ಟಿಯ ಮೇಲೆ ಹೋಯಿತು, ಏಳನೆಯ ಕಂಬಿಯ ಹತ್ತಿರ ನಿಂತಿತು. ಒಂದು ತಂತಿ ಮೀಟಿ ಬೆರಳನ್ನು ಒತ್ತಿದರು. ಇನ್ನೂ ಒತ್ತಿದರು. ಸ್ವರ ಇದ್ದಲ್ಲೇ ಇತ್ತು. ಬೆರಳನ್ನು ಸರಿಸಿ ಮತ್ತೊಮ್ಮೆ. ಆಮೇಲೆ ಗಿಟಾರನ್ನು ಬೆಳಕಿಗೆ ಹಿಡಿದು ಪಟ್ಟಿಯನ್ನು ಓರೆಯಾಗಿ ನೋಡಿದರು.

"ತೋಡಿದ್ದೆಲ್ಲ ತುಂಬ್ಸಿದ್ರಾ?"

"ಪಟ್ಟಿಯನ್ನೇ ಬದಲಾಯಿಸಿದೆ ಸರ್. ಹುಳ ತಿಂದಿತ್ತು."

"ಹುಳ ಅಲ್ಲ ಅದು," ಎಂದರು. "ನಾನು."

ಅವರು ಹಾಜರಿ ಪುಸ್ತಕ ವಿವರಿಸುವವರಂತೆ, ಏರಿಳಿತವಿಲ್ಲದೆ ಹೇಳಿದರು. ಕಳಸದ ಗೆಳೆಯ ಹಾಡುವುದರಲ್ಲಿ ಗಮಕ ಹೆಚ್ಚು. ಗಿಟಾರ್ ಸ್ವರದಿಂದ ಸ್ವರಕ್ಕೆ ನೆಗೆಯುತ್ತದೆ, ಜಾರುವುದಿಲ್ಲ. ಕಂಬಿಗಳ ನಡುವೆ ಮರ ತೋಡಿದರೆ ಬೆರಳು ಮರಕ್ಕೆ ತಾಗುವುದಿಲ್ಲ, ತಂತಿಯನ್ನು ಒತ್ತಿದಷ್ಟು ಸ್ವರ ಏರುತ್ತದೆ, ಬಿಟ್ಟಷ್ಟು ಇಳಿಯುತ್ತದೆ. ಎಷ್ಟು ಆಳ ಎನ್ನುವುದಕ್ಕೆ ಸೈಕಲ್ ಕಡ್ಡಿಯ ತುದಿ ಹರಿತ ಮಾಡಿ ಮೊದಲು ತೂತು ಹಾಕಿಕೊಂಡು, ತೂತಿನ ತಳದವರೆಗೆ ಬಾಟ್ಲಿ ಗಾಜಿನ ಚೂರಿನಿಂದ ಕೆರೆದದ್ದು. ಎಲ್ಲಿ ಸ್ವರ ಮೊದಲೇ ಸಿಕ್ಕಿತೋ ಅಲ್ಲಿ ನಿಲ್ಲಿಸಿದ್ದರಿಂದ ಆ ತೂತುಗಳ ತಳ ಹಾಗೇ ಉಳಿದಿತ್ತು.

"ಒಂದು ಮಳೆಗಾಲ ಪೂರ್ತಿ ಹಿಡೀತು," ಎಂದರು. ಆಮೇಲೆ ಮುಖ ಸ್ವಲ್ಪ ಗೆಲುವಾಯಿತು. "ಹಳೇ ಪಟ್ಟಿ ಇಟ್ಟಿದೀರಲ್ಲ? ಈ ಮದ್ವೆಗಲ್ಲ, ಆಮೇಲೆ ನಿಧಾನಕ್ಕೆ ಅದನ್ನೇ ಅಂಟಿಸ್ಕೊಡಿ. ತೊಂದ್ರೆ ಇಲ್ಲ."

"ತೆಗೆಯುವಾಗ ಪುಡಿಪುಡಿಯಾಯಿತು," ಎಂದೆ.

ಅದು ಸುಳ್ಳು. ಯೋಚಿಸಿ ಹೇಳಿದ್ದಲ್ಲ, ಆದರೆ ಹೇಳಿದ ಮೇಲೆ ಸರಿಪಡಿಸಲು ಸಾಕಷ್ಟು ಸಮಯವಿತ್ತು, ತಿಂಡಿ ಬರಲು ಹತ್ತು ನಿಮಿಷ ಹಿಡಿಯಿತು. ಅವರು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಕಾರಿನಲ್ಲಿ ಮುಂದೆ ಇಟ್ಟಿದ್ದ ಪುರವಣಿ ಅವರ ಕೈಗೆ ಸಿಕ್ಕಿತು. ಅದನ್ನು ಅಲ್ಲಿಟ್ಟವನು ನಾನೇ. ಅರ್ಧ ಪುಟದ ಲೇಖನ, ಎರಡು ಬಣ್ಣದ ಫೋಟೊ, ಮೇಲೆ ನನ್ನ ಹೆಸರು. "ಹುಳ ತಿಂದು ತಗ್ಗು ಬಿದ್ದಿದ್ದ ಪಟ್ಟಿಯನ್ನು ತೆಗೆದು ಹೊಸ ಬೀಟೆ ಕೂರಿಸಿದಾಗ ವಾದ್ಯಕ್ಕೆ ಮೊದಲಿನ ದನಿ ಮರಳಿತು" ಎಂಬ ಸಾಲು ಎರಡನೆಯ ಪ್ಯಾರಾದಲ್ಲಿತ್ತು. ತಿರುವುಗಳಲ್ಲಿ ಅವರಿಗೆ ಓದುವುದು ಕಷ್ಟವಾಗುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಪೂರ್ತಿ ಓದಿದರು. ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

"ಬರವಣಿಗೆ ಚೆನ್ನಾಗಿದೆ," ಎಂದರು.

ಕಳಸ ಬರುವವರೆಗೆ ಮೆಣಸಿನ ಬಳ್ಳಿಯ ಮಾತಾಡಿದರು.

ಮದುವೆ ಮನೆಯಲ್ಲಿ ಹಾರ್ಮೋನಿಯಂನ ಗೆಳೆಯರು ಬಾಗಿಲಿಗೇ ಬಂದು ಅವರ ಕೈ ಹಿಡಿದುಕೊಂಡರು. ದೊಡ್ಡ ದನಿಯ, ದೊಡ್ಡ ಹೊಟ್ಟೆಯ ಮನುಷ್ಯ. ಪೇಟೆಯಲ್ಲಿ ಗೊಬ್ಬರದ ಅಂಗಡಿ. "ಬಂದ್ಯಾ ಮಾರಾಯ. ನೀ ಬರ್ಲಿಲ್ಲ ಅಂದಿದ್ರೆ ನಾ ಬಾಯಿಗೆ ಎಲೆಅಡಿಕೆ ತುಂಬ್ಕೊಂಡು ಕೂತ್ಬಿಡ್ತಿದ್ದೆ." ಗಿಟಾರ್ ಹೊರಗೆ ಬಂದಾಗ ಅವರ ಕಣ್ಣರಳಿತು. "ಇದೆಂತ, ಹುಡುಗಿಗಿಂತ ಜೋರು ಅಲಂಕಾರ ಆಗಿದೆ ಇದಕ್ಕೆ." ರೈಟರು ನನ್ನ ಕಡೆ ತೋರಿಸಿ, "ಇವ್ರೇ ಮಾಡಿದ್ದು. ಪೇಪರಲ್ಲೂ ಬಂದಿದೆ," ಎಂದರು. ಯಾರೋ ನನಗೆ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಹಾಕಿದರು.

ಊಟ ಮುಗಿದ ಮೇಲೆ ಇಬ್ಬರೂ ವೇದಿಕೆಯ ಅಂಚಿನಲ್ಲಿ ಕುಳಿತರು. ಗಿಟಾರಿನ ದನಿ ಆಂಪ್ಲಿಫೈಯರಿನಿಂದ ಶುದ್ಧವಾಗಿ ಬಂತು, ಒಂದು ಕರಕರವಿಲ್ಲ. ಗೆಳೆಯರು ಹಾರ್ಮೋನಿಯಂನ ಒಂದು ಸ್ವರದ ಮನೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿ ಕಾದರು. ಕಾಯುವ ಭಂಗಿ ಅಷ್ಟು ಹಳೆಯದು, ಅಷ್ಟು ನಿಶ್ಚಿಂತೆಯದು. ರೈಟರು ಒಂದು ಸಲ ತಂತಿ ಮೀಟಿ ಬೆರಳು ಒತ್ತಿದರು. ಸ್ವರ ಏರಲಿಲ್ಲ. ಪಕ್ಕಕ್ಕೆ ಎಳೆದು ನೋಡಿದರು. ಎಪ್ಪತ್ತು ದಾಟಿದ ಬೆರಳಿಗೆ ಅಷ್ಟು ಬಲ ಇರಲಿಲ್ಲ, ತಂತಿ ಕಂಬಿಗೆ ಉಜ್ಜಿ ಒಂದು ಕಿರುಗುಟ್ಟುವ ಸದ್ದು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗೆಳೆಯರು ಕಣ್ಣು ಬಿಟ್ಟರು.

"ಎಂತಾಯ್ತು? ಬೆರಳಿಗೆ ತುಕ್ಕು ಹಿಡೀತಾ?"

ರೈಟರು ಎಡಗೈಯನ್ನು ಎತ್ತಿ, ಮಡಚಿ ಬಿಚ್ಚಿ ತೋರಿಸಿದರು. "ಹಿಡ್ಕೊಂಡ್ಬಿಡ್ತು ಮಾರಾಯ. ವಯಸ್ಸಾಯ್ತಲ್ಲ. ನೀನೇ ಎತ್ಕೋ. ನಾ ಹಿಂದೆ ಹಿಂದೆ ಬರ್ತೀನಿ."

ಮೂರು ಗಜ ದೂರದಲ್ಲಿ ನಾನು ಕುಳಿತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತು, ಅವರ ಬೆರಳಿಗೇನೂ ಆಗಿಲ್ಲ, ನಾನು ಪಟ್ಟಿ ಬದಲಿಸಿದ್ದರಿಂದ ಹೀಗಾಗಿದೆ ಎನ್ನಲು ಹತ್ತು ಸೆಕೆಂಡು ಸಾಕಿತ್ತು. ನನ್ನ ವೃತ್ತಿಯಲ್ಲಿ ಮಂತ್ರಿಗಳು, ಅಧಿಕಾರಿಗಳು ತಪ್ಪು ಹೇಳಿದಾಗ ಸಭೆಯ ನಡುವೆ ಎದ್ದು ತಿದ್ದಿದ್ದೇನೆ. ಅಲ್ಲಿ ಏಳಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು, ಗಮನವಿಟ್ಟು ಕೇಳುವವನಂತೆ ಕುಳಿತೆ. ಗೆಳೆಯರು ಎರಡು ಸಲ ಗಂಟಲು ಸರಿಮಾಡಿಕೊಂಡು, ಹಾರ್ಮೋನಿಯಂನಲ್ಲೇ ಏನೋ ಬಾರಿಸಿಕೊಂಡು ಹಾಡಿದರು. ರೈಟರು ತಾಳಕ್ಕೆ ಸರಿಯಾಗಿ ಒಂದೊಂದೇ ಮೀಟು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಹೊರಡುವಾಗ ಗೆಳೆಯರು ಅವರ ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿ, ಬೆಳಿಗ್ಗೆ ಸಂಜೆ ಬಿಸಿ ಎಣ್ಣೆ ಹಚ್ಚು ಎಂದರು. "ಹಚ್ತೀನಿ," ಎಂದರು ಇವರು.

ಹಿಂದಿರುಗುವಾಗ ಕೊಟ್ಟಿಗೆಹಾರದಲ್ಲಿ ಪೊಲೀಸರ ಬ್ಯಾರಿಕೇಡಿನ ಹತ್ತಿರ ಲಾರಿಗಳ ಸಾಲು ನಿಂತಿತ್ತು. ಎಂಜಿನ್ ಆರಿಸಿದ ಮೇಲೆ ಮಾತಾಡದಿರಲು ನೆಪ ಉಳಿಯಲಿಲ್ಲ.

"ಪಟ್ಟಿ ಪುಡಿಯಾಗಲಿಲ್ಲ ಸರ್. ಇಡಿಯಾಗೇ ಬಂತು. ನಾನು ಸುಟ್ಟೆ. ಹುಳ ಅಂದುಕೊಂಡು ಬಚ್ಚಲೊಲೆಗೆ ಹಾಕಿದೆ."

ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಕಾಂಡಕೊರಕ ಅಂದ್ಕೊಂಡ್ರಾ."

"ಹೌದು."

"ನೀರು ಚೆನ್ನಾಗಿ ಕಾದಿರ್ಬೇಕು. ಬೀಟೆಗೆ ಕಾವು ಜಾಸ್ತಿ."

ಅವರು ತಮಾಷೆ ಮಾಡಿದರೋ ಸುಮ್ಮನೆ ಹೇಳಿದರೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಹೊಸ ಪಟ್ಟಿಯನ್ನು ನಾನೇ ತೋಡಿಕೊಡುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿದರೆ ಸಾಕು ಎಂದೆ. ಅವರು ತಲೆಯಾಡಿಸಿದರು.

"ಬೇಡ. ನಂಗೆ ಈಗ ಕಣ್ಣು ಕಾಣಲ್ಲ ಅಷ್ಟು. ನಿಮ್ಗೆ ಅಷ್ಟು ಪುರ್ಸೊತ್ತಿಲ್ಲ."

ಸಾಲು ಸರಿಯಿತು, ಕಾರು ಹೊರಟಿತು.

ಅವರ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಅವರ ಹೆಂಡತಿ ಜಗಲಿಯಲ್ಲಿ, ಕಾಲು ಚಾಚಿ ಕುಳಿತಿದ್ದರು. ತೊಡೆಯ ಮೇಲೆ ನಮ್ಮ ಪುರವಣಿ. ಮಧ್ಯಾಹ್ನ ಅಂಗಡಿಯಿಂದ ಯಾರೋ ತಂದುಕೊಟ್ಟಿದ್ದರು. ನಾನು ನಮಸ್ಕಾರ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು.

"ಹುಳ ತಿಂದಿತ್ತು ಅಂತ ಬರ್ದಿದೀರಲ್ಲ. ಯಾವ ಹುಳ?"

"ಬಿಡೇ ಈಗ," ಎಂದರು ರೈಟರು, ಚಪ್ಪಲಿ ಬಿಡುತ್ತ.

"ಕೇಳ್ತಿದೀನಷ್ಟೆ. ಪೇಪರಲ್ಲಿ ಬರ್ದೋರಿಗೆ ಗೊತ್ತಿರತ್ತಲ್ಲ." ದನಿ ಏರಲಿಲ್ಲ. "ಇವ್ರು ಇಲ್ಲಿ ಕೂತು ಕೆರೀತಿದ್ರು. ನಾನು ಒಳಗೆ ಒಲೆ ಮುಂದೆ. ಮಳೆ ಸದ್ದಲ್ಲಿ ಇವ್ರಿಗೆ ಸ್ವರ ಸಿಗ್ತಿರ್ಲಿಲ್ಲ. ಸಣ್ಣೋಳಿದ್ದಾಗ ನಾಲ್ಕು ವರ್ಷ ಸಂಗೀತಕ್ಕೆ ಹೋಗಿದ್ದೆ ನಾನು. ಅಲ್ಲಿಂದ್ಲೇ ಹೇಳ್ತಿದ್ದೆ, ಇನ್ನೊಂಚೂರು, ಇನ್ನೊಂಚೂರು, ಸಾಕು ಅಂತ. ಸಾಕು ಅಂದಲ್ಲಿ ನಿಲ್ಸೋರು. ಹುಳಕ್ಕೆ ಯಾರು ಸಾಕು ಅಂತಾರೆ?"

ಹುಳ ಇರಲಿಲ್ಲ, ನನ್ನ ತಪ್ಪು ಎಂದೆ. ಸುಟ್ಟದ್ದನ್ನೂ ಹೇಳಿದೆ, ಮದುವೆಮನೆಯಲ್ಲಿ ರೈಟರು ತಪ್ಪನ್ನು ತಮ್ಮ ಬೆರಳಿನ ಮೇಲೆ ಹಾಕಿಕೊಂಡದ್ದನ್ನೂ, ನಾನು ಸುಮ್ಮನಿದ್ದದ್ದನ್ನೂ ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಅವರು ಕೊನೆಯವರೆಗೆ ಕೇಳಿಸಿಕೊಂಡರು. ರೈಟರು ಗಿಟಾರಿನ ಚೀಲ ಎತ್ತಿಕೊಂಡು ಒಳಗೆ ಹೋದರು.

"ಇದನ್ನ ನಂಗೆ ಹೇಳಿದ್ರಿ, ಆಯ್ತು," ಎಂದರು ಅವರ ಹೆಂಡತಿ. "ಪೇಪರ್ ಓದಿದೋರಿಗೆ? ಕಳಸದಲ್ಲೂ ಓದ್ತಾರಲ್ಲ ಇದನ್ನ. ತಪ್ಪಾದ್ರೆ ಮಾರ್ನೇ ದಿನ ತಿದ್ದಿ ಹಾಕ್ತೀರಲ್ಲ ನೀವು, ಚಿಕ್ಕ ಅಕ್ಷರದಲ್ಲಿ. ನಾನು ಅದನ್ನೂ ಓದ್ತೀನಿ."

"ಹಾಕಿಸುತ್ತೇನೆ," ಎಂದೆ.

ಅವತ್ತೇ ಕಚೇರಿಗೆ ಹೋಗಿ ಬರೆದೆ. ನಾಲ್ಕು ಸಾಲು. ಪಟ್ಟಿಯನ್ನು ಹುಳ ತಿಂದಿರಲಿಲ್ಲ, ಗಮಕಕ್ಕಾಗಿ ಮಾಲೀಕರೇ ತೋಡಿದ್ದರು, ಅದನ್ನು ವರದಿಗಾರ ತಪ್ಪಾಗಿ ಅರ್ಥೈಸಿ ನಾಶಮಾಡಿದ್ದಾನೆ. ಬರೆದ ಮೇಲೆ ಬೆಳಕಿನಲ್ಲಿ ತೆಗೆದಿದ್ದ ಆ ನಾಲ್ಕು ಫೋಟೊ ದೊಡ್ಡದು ಮಾಡಿ ನೋಡಿದೆ. ತಗ್ಗುಗಳು ಒಂದರ ಪಕ್ಕ ಒಂದು, ಐದನೆಯ ಕಂಬಿಯಿಂದ ಮುಂದಕ್ಕೆ ಹೋದಂತೆ ಸಮನಾಗಿ ಕಿರಿದಾಗುತ್ತ, ಅಂಚು ಅಂಚಿಗೆ ನಯವಾಗಿದ್ದವು. ಅದು ಕೈಕೆಲಸವೆಂದು ತಿಳಿಯಲು ತಜ್ಞ ಬೇಕಿರಲಿಲ್ಲ. ಪುರವಣಿ ನೋಡಿಕೊಳ್ಳುವ ಡೆಸ್ಕಿನಿಂದ ಫೋನ್ ಬಂತು. ಲೇಖನ ಬಹಳ ಜನಕ್ಕೆ ಹಿಡಿಸಿದೆ, ಇಂಥವು ತಿಂಗಳಿಗೊಂದು ಕೊಡಿ ಎಂದರು. ಆಗಲಿ ಎಂದೆ. ತಿದ್ದುಪಡಿಯ ಮಾತು ಎತ್ತಲಿಲ್ಲ. ನಾಳೆ ಕಳಿಸಿದರೂ ಆದೀತು ಎಂದುಕೊಂಡೆ. ಮಾರನೆಯ ದಿನ ಬೇರೆ ಸುದ್ದಿ ಬಂತು. ಆ ನಾಲ್ಕು ಸಾಲು ಈಗಲೂ ಕಂಪ್ಯೂಟರಿನಲ್ಲಿ ಇವೆ.

ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿ ಬರುವುದು ಎರಡನೆಯ ಪುಟದ ಕೆಳಗೆ, ಎಡಗಡೆ. ಸೋಮವಾರ ರೈಟರ ಹೆಂಡತಿ ಆ ಜಾಗ ತೆಗೆದು ನೋಡಿರುತ್ತಾರೆ. ಮಂಗಳವಾರವೂ ನೋಡಿರುತ್ತಾರೆ.